ಗಾಜಿನಂಗಡಿಯಲ್ಲಿ ಅರ್ಧ ದಿನ

ಶಿರಾಡಿ ಘಾಟಿಯಲ್ಲೋ ತುಮಕೂರು ರಸ್ತೆಯಲ್ಲೋ ಜಲ್ಲಿ ತುಂಬಿದ ಟಿಪ್ಪರ್ ಲಾರಿಯ ಬೆನ್ನಿಗೆ ಹೋದವರಿಗೆ ಆ ಸದ್ದಿನ ಪರಿಚಯ ಇದ್ದೇ ಇರುತ್ತದೆ. 'ಟಕ್' ಎಂದು ಒಂದೇ ಒಂದು ಸದ್ದು. ಕಾರಿನೊಳಗಿದ್ದವರೆಲ್ಲ ಒಮ್ಮೆ ಬೆಚ್ಚಿಬೀಳುತ್ತಾರೆ. ಮುಂದಿನ ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಗಾತ್ರದ ಒಂದು ಬಿಳಿಯ ಚುಕ್ಕೆ. ಗಾಡಿ ನಿಲ್ಲಿಸಿ, ಇಳಿದು, ಹೆಬ್ಬೆರಳಿನಿಂದ ಉಜ್ಜಿ ನೋಡಿ 'ಏನೂ ಆಗಿಲ್ಲ ಬಿಡಿ' ಎಂದುಕೊಂಡು ಮುಂದೆ ಹೊರಟರೆ ಆ ಚುಕ್ಕೆ ಮನೆಮಂದಿಯ ನೆನಪಿನಿಂದಲೇ ಜಾರಿಹೋಗುತ್ತದೆ. ಹೀಗೆ ವಾರ, ತಿಂಗಳು ಕಳೆಯುವುದೂ ಉಂಟು. ಆಮೇಲೊಂದು ದಿನ, ಬಿಸಿಲಲ್ಲಿ ಮೂರು ಗಂಟೆ ನಿಂತ ಕಾರನ್ನು ಹತ್ತಿ ಏಸಿಯನ್ನು ಪೂರ್ತಿ ತಿರುಗಿಸಿದ ಐದೇ ನಿಮಿಷಕ್ಕೆ, ಯಾರೂ ಮುಟ್ಟದೆ, ಯಾವ ಸದ್ದೂ ಇಲ್ಲದೆ, ಆ ಚುಕ್ಕೆಯಿಂದ ಒಂದು ಗೆರೆ ಹೊರಟು ಗಾಜಿನ ಅಂಚಿನವರೆಗೆ ಓಡಿಬಿಡುತ್ತದೆ.

ಇದರಲ್ಲಿ ಪವಾಡವೇನಿಲ್ಲ. ಬಿಸಿಯಾದ ಗಾಜು ಹಿಗ್ಗುತ್ತದೆ, ತಣ್ಣಗಾದದ್ದು ಕುಗ್ಗುತ್ತದೆ. ಹೊರಮೈ ಬಿಸಿಲಿಗೆ ಕಾದಿದೆ, ಒಳಮೈಗೆ ತಣ್ಣನೆಯ ಗಾಳಿ ಬಡಿಯುತ್ತಿದೆ. ಶಾಖ ಗಾಜಿನಲ್ಲಿ ಬೇಗ ಹರಿಯುವುದಿಲ್ಲ. ಈ ಎಳೆದಾಟವೆಲ್ಲ ಬಂದು ಸೇರುವುದು ಬಿರುಕಿನ ಚೂಪಾದ ತುದಿಯಲ್ಲಿ. ಬಟ್ಟೆಯಂಗಡಿಯವನು ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಆಮೇಲೆ ಎರಡೂ ಕೈಯಿಂದ ಸರ್ರೆಂದು ಹರಿಯುತ್ತಾನಲ್ಲ, ಲೆಕ್ಕ ಅದೇ.

ಮೊದಲ ದಿನವೇ ಅಂಗಡಿಗೆ ಹೋಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಕೆಲಸವಿದು. ಒಂದು ನಾಣ್ಯದ ಅಗಲವನ್ನು ಮೀರದ, ಚಾಲಕನ ನೇರ ದೃಷ್ಟಿಗೆ ಅಡ್ಡ ಬಾರದ, ಗಾಜಿನ ಅಂಚನ್ನು ಮುಟ್ಟದ ಗಾಯವಾದರೆ ಅದರೊಳಗಿನ ಗಾಳಿಯನ್ನು ಹೀರಿ ತೆಗೆದು, ತೆಳುವಾದ ರಾಳವನ್ನು ಒತ್ತಡದಿಂದ ತುಂಬಿ, ಅತಿನೇರಳೆ ಕಿರಣದ ದೀಪ ಹಿಡಿದು ಗಟ್ಟಿ ಮಾಡುತ್ತಾರೆ. ಮಸುಕಾದ ಒಂದು ಗುರುತು ಉಳಿದೀತು, ಬಿರುಕು ಮಾತ್ರ ಮುಂದೆ ಓಡದು. ಹೊಸ ಗಾಜಿನ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಕೆಲಸ ಮುಗಿಯುತ್ತದೆ. ಅಂಗಡಿ ತಲುಪುವವರೆಗೆ ಗಾಯದ ಮೇಲೆ ಪಾರದರ್ಶಕ ಟೇಪಿನ ಒಂದು ತುಂಡು ಅಂಟಿಸಿದರೆ ಧೂಳು, ನೀರು ಒಳಗೆ ಸೇರುವುದಿಲ್ಲ. ಧೂಳು ಸೇರಿದ ಗಾಯಕ್ಕೆ ರಾಳ ಕಚ್ಚುವುದಿಲ್ಲ. 'ಇನ್ನೂ ಓಡುತ್ತಿದೆಯಲ್ಲ' ಎಂಬ ಮಧ್ಯಮ ವರ್ಗದ ಮಂತ್ರ ಉಳಿತಾಯದ ಎಷ್ಟೋ ವಿಷಯಗಳಲ್ಲಿ ಸರಿಯೇ. ಗಾಜಿನ ವಿಷಯದಲ್ಲಿ ಮಾತ್ರ ಅದು ದುಬಾರಿ.

ಹಾಸನದ ಗುಮಾಸ್ತರೊಬ್ಬರು ಶನಿವಾರ ಬೆಳಿಗ್ಗೆ ಗಾಜಿನಂಗಡಿಯ ಮುಂದೆ ಕಾರು ನಿಲ್ಲಿಸಿದಾಗ ಬಿರುಕು ಆಗಲೇ ಸ್ಟೀರಿಂಗ್ ಚಕ್ರದ ಎದುರಿಗೆ ಬಂದು ಕುಳಿತಿತ್ತು. ಜೊತೆಯಲ್ಲಿ ಮಗಳು. ಎರಡನೆಯ ಪಿ.ಯು.ಸಿ. ಮುಗಿಸಿ ಮಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿದ ಹುಡುಗಿ. ಸೋಮವಾರ ಹಾಸ್ಟೆಲಿಗೆ ಸೇರಬೇಕು. ಡಿಕ್ಕಿಯಲ್ಲಿ ಹಾಸಿಗೆ, ಬಕೆಟ್ಟು, ಅಜ್ಜಿ ಕಟ್ಟಿಕೊಟ್ಟ ಚಕ್ಕುಲಿ ಡಬ್ಬ ಎಲ್ಲ ಸಿದ್ಧ. ಗಾಜು ಹಾಕಿಸಿಕೊಂಡು ಹಾಗೆಯೇ ಮಧ್ಯಾಹ್ನದ ಹೊತ್ತಿಗೆ ಘಾಟಿ ಇಳಿದರೆ ಸಂಜೆಗೆ ಮಂಗಳೂರು ಎಂಬುದು ತಂದೆಯ ಯೋಜನೆ. ಗಾಜು ತೆಗೆಯುವುದು, ಗಾಜು ಕೂರಿಸುವುದು, ಇದಕ್ಕೆಷ್ಟು ಹೊತ್ತು ಬೇಕು?

ಅವರ ಅಂದಾಜಿಗೆ ಕಾರಣವಿತ್ತು. ಅವರು ಕಂಡಿದ್ದು ಅಂಬಾಸಿಡರ್ ಕಾಲವನ್ನು. ಆಗ ಗಾಜನ್ನು ಹಿಡಿದಿಡುತ್ತಿದ್ದುದು ಸುತ್ತಲಿನ ದಪ್ಪ ರಬ್ಬರ್ ಪಟ್ಟಿ. ಪಟ್ಟಿಯ ಸಂದಿಯಲ್ಲಿ ಹುರಿಹಗ್ಗ ಸುತ್ತಿ, ಸೋಪಿನ ನೀರು ಸವರಿ, ಒಬ್ಬ ಹೊರಗಿನಿಂದ ಗಾಜನ್ನು ಒತ್ತುತ್ತ ಇನ್ನೊಬ್ಬ ಒಳಗಿನಿಂದ ಹಗ್ಗ ಎಳೆಯುತ್ತ ಹೋದರೆ ರಬ್ಬರಿನ ತುಟಿ ಒಳಕ್ಕೆ ಮಡಚಿಕೊಂಡು ಗಾಜು ಗಪ್ಪನೆ ಕೂರುತ್ತಿತ್ತು. ನೋಡುವುದಕ್ಕೆ ಸೊಗಸಾದ ಕೆಲಸ. ಗಾಜು ಕೂತ ಮರುಗಳಿಗೆಯೇ ಗಾಡಿ ಓಡಿಸಬಹುದಾಗಿತ್ತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗಿನ ಕಾರುಗಳ ಮುಂಗಾಜನ್ನು ರಬ್ಬರಿನಲ್ಲಿ ಸಿಕ್ಕಿಸುವುದಿಲ್ಲ, ಲೋಹದ ಚೌಕಟ್ಟಿಗೆ ನೇರವಾಗಿ ಅಂಟಿಸುತ್ತಾರೆ. ಕಾರಿನ ಮೈಕಟ್ಟಿಗೆ ಬಲ ಕೊಡುವುದರಲ್ಲಿ ಆ ಗಾಜಿಗೂ ಪಾಲಿದೆ. ಗಾಡಿ ಪಲ್ಟಿಯಾದರೆ ಮಾಡು ಕುಸಿಯದಂತೆ ತಡೆಯುವುದರಲ್ಲಿ ಅದೂ ಹೆಗಲು ಕೊಡುತ್ತದೆ. ಹೀಗಾಗಿ ಕೆಲಸದ ಜೀವ ಇರುವುದು ಅಂಟಿನಲ್ಲಿ.

ಕಸುಬು ಬಲ್ಲ ಅಂಗಡಿಯವರು ಮೊದಲು ಕೈಗೆ ತೆಗೆದುಕೊಳ್ಳುವುದು ಸ್ಪಾನರನ್ನಲ್ಲ, ಪೆನ್ನನ್ನು. ಕಾರಿನ ಮಾದರಿ ಯಾವುದು, ಯಾವ ವರ್ಷದ್ದು, ಚಾಸಿ ನಂಬರ್ ಎಷ್ಟು? ಒಳಗನ್ನಡಿಯ ಹಿಂದೆ ಮಳೆ ಗುರುತಿಸುವ ಸೆನ್ಸರ್ ಇದೆಯೆ, ಕ್ಯಾಮೆರಾ ಇದೆಯೆ? ಒಂದೇ ಹೆಸರಿನ ಕಾರಿಗೆ ನಾಲ್ಕು ಬಗೆಯ ಗಾಜು ಇರಬಹುದು. ರಸ್ತೆಯ ಗೆರೆ ನೋಡಿ ತಾನಾಗಿ ಬ್ರೇಕ್ ಹಾಕುವ ಹೊಸ ಕಾರುಗಳಲ್ಲಿ ಗಾಜು ಬದಲಾದ ಮೇಲೆ ಆ ಕ್ಯಾಮೆರಾದ ನೋಟವನ್ನು ಯಂತ್ರದಿಂದ ಮತ್ತೆ ಸರಿಹೊಂದಿಸಬೇಕು. ಕೂದಲೆಳೆಯಷ್ಟು ಕೋನ ತಪ್ಪಿದರೂ ದೂರದಲ್ಲಿ ಅದು ಪಕ್ಕದ ಲೇನನ್ನು ನೋಡುತ್ತಿರುತ್ತದೆ. ಆ ಸೌಕರ್ಯ ಇಲ್ಲದ ಅಂಗಡಿ 'ಇಲ್ಲ' ಎಂದು ಮೊದಲೇ ಹೇಳಬೇಕು. ಗಾಜಿನ ಬೆಲೆ, ಅಂಟು, ಪಟ್ಟಿ, ಕೂಲಿ ಎಲ್ಲವನ್ನೂ ಬಿಡಿಬಿಡಿಯಾಗಿ ಬರೆದುಕೊಡಬೇಕು. ಬಾಯಿಮಾತಿನ ಲೆಕ್ಕ ಸಂಜೆಯ ಹೊತ್ತಿಗೆ ಬೆಳೆಯುತ್ತದೆ.

ವಿಮೆಯ ಮಾತೂ ಇಲ್ಲೇ ಬರುತ್ತದೆ. ಕೇವಲ ಥರ್ಡ್ ಪಾರ್ಟಿ ವಿಮೆ ಇದ್ದವರಿಗೆ ಗಾಜಿನ ಹಣ ಸಿಗದು. ಸಮಗ್ರ ವಿಮೆಯಲ್ಲಿ ಸಿಗುತ್ತದೆ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಸವಕಳಿ ಎಂದು ಅರ್ಧ ಮುರಿದುಕೊಳ್ಳುವ ವಾಡಿಕೆ ಗಾಜಿಗೆ ಇಲ್ಲ. ಆದರೆ ಕ್ಲೇಮು ಮಾಡದ ವರ್ಷಗಳಿಗೆ ದೊರೆಯುವ ರಿಯಾಯಿತಿ ಶೇ. 20ರಿಂದ ಶೇ. 50ರವರೆಗೆ ಏರುತ್ತದೆ, ಒಂದು ಸಣ್ಣ ಕ್ಲೇಮು ಅದನ್ನು ಅಳಿಸಿಹಾಕಬಹುದು. ಗಾಜಿನ ಬೆಲೆ ಒಂದು ಕಡೆ, ಮುಂದಿನ ಕಂತಿನಲ್ಲಿ ಹೋಗುವ ರಿಯಾಯಿತಿ ಇನ್ನೊಂದು ಕಡೆ ಇಟ್ಟು ಕೂಡಿ ಕಳೆಯುವ ಕೆಲಸವನ್ನು ಹಾಸನದ ತಂದೆ ಮಗಳಿಗೇ ಒಪ್ಪಿಸಿದರು. ಹತ್ತು ನಿಮಿಷದಲ್ಲಿ ಆಕೆ ಮೊಬೈಲಿನಲ್ಲಿ ಲೆಕ್ಕ ಮುಗಿಸಿ 'ಕೈಯಿಂದಲೇ ಕೊಡಪ್ಪ' ಎಂದಳು. ಕ್ಲೇಮು ಮಾಡುವವರು ಹಳೆಯ ಗಾಜು ತೆಗೆಸುವ ಮೊದಲೇ ವಿಮಾ ಕಂಪನಿಗೆ ತಿಳಿಸಿ ಫೋಟೋ ತೆಗೆದಿಟ್ಟುಕೊಳ್ಳಬೇಕು. ಗಾಜು ಗುಜರಿಗೆ ಹೋದ ಮೇಲೆ ಸಾಕ್ಷಿ ಎಲ್ಲಿಂದ ತರುವುದು?

ಮಗಳಿಗೆ ಇನ್ನೊಂದು ಅನುಮಾನವಿತ್ತು. ಬೀಳಿಸಿದ ಲೋಟ ಚೂರುಚೂರಾಗುತ್ತದೆ, ಇಷ್ಟುದ್ದ ಬಿರುಕು ಬಿಟ್ಟ ಈ ಗಾಜು ಏಕೆ ಹಾಗೇ ನಿಂತಿದೆ? ಮೇಸ್ತ್ರಿ ಮೂಲೆಯಲ್ಲಿದ್ದ ಹಳೆಯ ಗಾಜಿನ ಮುರಿದ ಅಂಚನ್ನು ತೋರಿಸಿದ. ಎರಡು ಗಾಜಿನ ಹಾಳೆಗಳ ನಡುವೆ ಒಂದು ಮಿಲಿಮೀಟರಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಪಾಲಿವಿನೈಲ್ ಬ್ಯುಟಿರಾಲ್ ಎಂದು ಅದರ ಹೆಸರು. ಗಾಜು ಒಡೆದರೂ ಚೂರುಗಳು ಪೊರೆಗೆ ಅಂಟಿಕೊಂಡೇ ಇರುತ್ತವೆ. ಇದರ ಮೂಲದಲ್ಲಿ ಪ್ರಯೋಗಶಾಲೆಯ ಕಥೆಯೊಂದಿದೆ. 1903ರಲ್ಲಿ ಫ್ರಾನ್ಸಿನ ಎದ್ವಾರ್ ಬೆನೆಡಿಕ್ಟಸ್ ಎಂಬ ಕಲಾವಿದ ಮತ್ತು ರಸಾಯನಶಾಸ್ತ್ರಜ್ಞನ ಕೈತಪ್ಪಿ ಗಾಜಿನ ಬುರುಡೆಯೊಂದು ಬಿತ್ತಂತೆ. ಒಡೆಯಿತು, ಚೆದುರಲಿಲ್ಲ. ಹಿಂದೊಮ್ಮೆ ಅದರಲ್ಲಿಟ್ಟಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಆರಿ ಒಳಗೋಡೆಗೆ ಪೊರೆಯಾಗಿ ಕಟ್ಟಿಕೊಂಡಿತ್ತು. 1909ರಲ್ಲಿ ಆತ ಪೇಟೆಂಟ್ ಪಡೆದ. ಆ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದ ಕೊನೆಗೆ ಈಗಿನ ಪೊರೆ ಅದರ ಜಾಗಕ್ಕೆ ಬಂತು. ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಮುಂದಿನ ಗಾಜು ಇಂಥ ಪದರಗಾಜೇ ಆಗಿರಬೇಕೆಂದು ಹೇಳುತ್ತವೆ.

ಪಕ್ಕದ ಕಿಟಕಿಗಳ ಸಂಗತಿ ಬೇರೆ. ಅವು ಸಾಮಾನ್ಯವಾಗಿ ಹದಗೊಳಿಸಿದ ಒಂಟಿ ಗಾಜು. ಆರುನೂರು ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಿಸಿ ಎರಡೂ ಮೈಗೆ ಒಮ್ಮೆಲೇ ತಣ್ಣನೆಯ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗುತ್ತದೆ. ಆಮೇಲೆ ತಣ್ಣಗಾಗುವ ಒಳಭಾಗ ಕುಗ್ಗುವಾಗ ಹೊರಮೈಯನ್ನು ಬಿಗಿಯಾಗಿ ಎಳೆದು ಹಿಡಿಯುತ್ತದೆ. ಈ ಬಿಗಿತವೇ ಅದರ ಶಕ್ತಿ. ಅದೇ ಬಿಗಿತ ಒಂದು ಕಡೆ ಕಳಚಿದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಸಣ್ಣ ಹರಳುಗಳಾಗಿ ಉದುರುತ್ತದೆ. ಕಾದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಆಗುವ ಬಾಲದ ಮಣಿಯನ್ನು 1660ರ ದಶಕದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪಂಡಿತರು ಬೆರಗಿನಿಂದ ನೋಡಿದ್ದರು. ತಲೆಗೆ ಸುತ್ತಿಗೆಯ ಪೆಟ್ಟು ಬಿದ್ದರೂ ತಡೆಯುವ ಮಣಿ, ಬಾಲ ಮುರಿದೊಡನೆ ಪುಡಿಪುಡಿ! ಕಿಟಕಿಯ ಗಾಜೂ ಅದೇ ಕುಲದ್ದು. ಹೀಗಾಗಿ ಒಮ್ಮೆ ಹದಗೊಳಿಸಿದ ಗಾಜನ್ನು ಆಮೇಲೆ ಕತ್ತರಿಸಿ ಹೊಂದಿಸಲು ಬರುವುದಿಲ್ಲ. ಪೋಲರಾಯ್ಡ್ ಕಪ್ಪು ಕನ್ನಡಕ ಹಾಕಿಕೊಂಡು ಬೆಳಗಿನ ಅಥವಾ ಸಂಜೆಯ ತಿಳಿ ಆಕಾಶವನ್ನು ಕಾರಿನ ಹಿಂಗಾಜಿನ ಮೂಲಕ ನೋಡಿದರೆ ಸಾಲುಸಾಲು ಮಬ್ಬು ಕಲೆಗಳು ಕಾಣುತ್ತವೆ. ಅಂದು ಊದಿದ ಗಾಳಿ ಬಿಟ್ಟುಹೋದ ಗುರುತುಗಳು ಅವು. ಭೌತಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಅಗ್ಗದ ಉಪಕರಣ ಸಿಗಲಾರದು.

ಹೊಸ ಗಾಜು ಬಂದಾಗ ಅದರ ಮೂಲೆಯ ಅಚ್ಚನ್ನು ಓದಬೇಕು. ತಯಾರಕರ ಹೆಸರು, ಐಎಸ್ಐ ಮುದ್ರೆ, ಐಎಸ್ 2553 ಎಂಬ ಸಂಖ್ಯೆ. ಸಂಕೋಚಪಟ್ಟುಕೊಳ್ಳಬೇಕಾಗಿಲ್ಲ, ತರಕಾರಿ ಕೊಳ್ಳುವಾಗ ಬೆಂಡೆಕಾಯಿಯ ತುದಿ ಮುರಿದು ನೋಡುವ ಜನ ಇದನ್ನೂ ನೋಡಬಹುದು. ಮುಂಗಾಜು, ಹಿಂಗಾಜುಗಳಲ್ಲಿ ಕನಿಷ್ಠ ಶೇ. 70ರಷ್ಟು, ಪಕ್ಕದವುಗಳಲ್ಲಿ ಶೇ. 50ರಷ್ಟು ಬೆಳಕು ಹಾಯಬೇಕು ಎಂಬುದೂ ನಿಯಮ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹುಡುಕಿ ಅಗ್ಗದ ಗಾಜು ತಂದು 'ಇದನ್ನೇ ಹಾಕಿ' ಎನ್ನುವವರಿದ್ದಾರೆ. ಮುದ್ರೆಯಿದ್ದು ಅಳತೆ ಸರಿಯಿದ್ದರೆ ಹಾಕಲಿ. ಅಂಟಿನಲ್ಲಿ ಮಾತ್ರ ಉಳಿತಾಯ ಬೇಡ.

ಕೆಲಸ ಶುರುವಾದ ಮೇಲೆ ಹೆಚ್ಚು ಹೊತ್ತು ನಡೆದದ್ದು ಒರೆಸುವುದು. ಮೊದಲು ಸೀಟು, ಡ್ಯಾಶ್‌ಬೋರ್ಡು, ಬಾನೆಟ್ಟಿನ ಮೇಲೆ ಬಟ್ಟೆ ಹೊದಿಸಿದರು. ವೈಪರ್ ತೋಳುಗಳನ್ನೂ ಅವುಗಳ ಕೆಳಗಿನ ಪ್ಲಾಸ್ಟಿಕ್ ಜಾಲರಿಯನ್ನೂ ಬಿಚ್ಚಿದರು. ಹಳೆಯ ಅಂಟಿನ ಮೂಲಕ ತಂತಿ ತೂರಿಸಿ, ಒಬ್ಬ ಒಳಗೆ ಒಬ್ಬ ಹೊರಗೆ ನಿಂತು, ಮರ ಕೊಯ್ಯುವವರಂತೆ ಆಚೆ ಈಚೆ ಎಳೆಯುತ್ತ ಸುತ್ತಲೂ ಕೊಯ್ದರು. ಹೀರುಗೊಳವೆಗಳ ಹಿಡಿಕೆ ಅಂಟಿಸಿ ಗಾಜನ್ನು ಎತ್ತಿ ಇಳಿಸಿದಾಗ ಕಾರು ಹಲ್ಲು ಕಿತ್ತ ಬಾಯಿಯಂತೆ ಕಂಡಿತು. ಆಮೇಲೆ ಹಳೆಯ ಅಂಟನ್ನು ಹೆರೆಯುವ ಕೆಲಸ. ಪೂರ್ತಿ ಹೆರೆದು ಲೋಹ ಕಾಣಿಸುವುದು ಜಾಣತನವಲ್ಲ. ಒಂದೆರಡು ಮಿಲಿಮೀಟರ್ ದಪ್ಪದ ಪದರ ಉಳಿಸುತ್ತಾರೆ, ಹೊಸ ಅಂಟು ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಚೌಕಟ್ಟಿನ ಬಣ್ಣಕ್ಕೆ ಗೀರು ಬಿದ್ದಿದ್ದರೆ ಅಲ್ಲಿ ಪ್ರೈಮರ್ ಹಚ್ಚಲೇಬೇಕು. ಇಲ್ಲದಿದ್ದರೆ ಆ ಗೀರಿನಲ್ಲಿ ತುಕ್ಕು ಹಿಡಿದು, ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಂಟು ಹಿಡಿದ ನೆಲವೇ ಕಳಚಿಕೊಳ್ಳುತ್ತದೆ. ಗಾಜಿನಂಗಡಿಗಳ ಒಳ್ಳೆಯತನ, ಕೆಟ್ಟತನ ಬಯಲಾಗುವುದು ಈ ಜಾಗದಲ್ಲಿ, ಹೊಸ ಗಾಜಿನ ಕೆಳಗೆ ಮುಚ್ಚಿಹೋಗಿ ಯಾರ ಕಣ್ಣಿಗೂ ಬೀಳದ ಈ ಒಂದು ಬೆರಳಗಲದ ಅಂಚಿನಲ್ಲಿ. ಅದಕ್ಕೇ ಹತ್ತಿರ ನಿಂತು ನೋಡಬೇಕು ಎನ್ನುವುದು.

ಹೊಸ ಗಾಜಿನ ಅಂಚಿನ ಸುತ್ತ ಕಪ್ಪು ಪಟ್ಟಿಯೊಂದಿರುತ್ತದೆ. ಅದು ಅಲಂಕಾರಕ್ಕೆಂದುಕೊಂಡಿದ್ದಳು ಹುಡುಗಿ. ಬಿಸಿಲಿನ ಅತಿನೇರಳೆ ಕಿರಣ ತಾಗಿ ಅಂಟು ಹಾಳಾಗದಂತೆ ಗಾಜಿಗೇ ಸುಟ್ಟು ಕೂಡಿಸಿದ ಕೊಡೆ ಅದು. ಆ ಪಟ್ಟಿಯನ್ನು ಒರೆಸಿ, ಪ್ರೈಮರ್ ಹಚ್ಚಿ, ಅದು ಆರುವ ತನಕ ಇಬ್ಬರೂ ಕೈಕಟ್ಟಿ ನಿಂತರು. ಮುಟ್ಟಲು ಹೋದ ತಂದೆಯನ್ನು ಮೇಸ್ತ್ರಿ ತಡೆದ. ಬೆರಳಿನ ಎಣ್ಣೆಯಂಶ ಸಾಕು, ಅಂಟು ಅಲ್ಲಿ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಪ್ಪನೆಯ ಪಾಲಿಯುರಿಥೇನ್ ಅಂಟನ್ನು ಗನ್ನಿನಿಂದ, ಕೇಕಿಗೆ ಕೆನೆ ಬಿಡುವಂತೆ, ಎಲ್ಲಿಯೂ ತುಂಡಾಗದ ಒಂದೇ ಎಳೆಯಲ್ಲಿ ಸುತ್ತಲೂ ಬಿಟ್ಟು, ಇಬ್ಬರೂ ಸೇರಿ ಗಾಜನ್ನು ಒಂದೇ ಸಲಕ್ಕೆ ಇಳಿಸಿ ಒತ್ತಿದರು. ಟೇಪು ಹಚ್ಚಿದರು. ಒಟ್ಟು ಒಂದೂವರೆ ಗಂಟೆಯೂ ಆಗಿರಲಿಲ್ಲ.

ತಂದೆ ಪರ್ಸ್ ತೆಗೆದರು. 'ಸಾರ್, ಇನ್ನು ಐದು ಗಂಟೆ ಗಾಡಿ ಕದಲಿಸುವ ಹಾಗಿಲ್ಲ' ಎಂದ ಮೇಸ್ತ್ರಿ.

ಮಾತಿಗೆ ಮಾತು ಬೆಳೆಯಿತು. ನಿಧಾನವಾಗಿ ಓಡಿಸುತ್ತೇನೆ ಎಂದರು. ಪಕ್ಕದ ಬೀದಿಯವನು ಅರ್ಧ ಗಂಟೆಗೆ ಬಿಡುತ್ತಾನೆ ಎಂದರು. ಮೇಸ್ತ್ರಿ ಅಂಟಿನ ಕೊಳವೆಯನ್ನು ತಂದು ಅದರ ಮೇಲೆ ಅಚ್ಚಾಗಿದ್ದ ಹೊತ್ತನ್ನು ತೋರಿಸಿದ. ಕೆಲವು ಅಂಟು ಒಂದು ಗಂಟೆಗೇ ಹದಕ್ಕೆ ಬರುತ್ತವೆ, ಬೆಲೆಯೂ ಹೆಚ್ಚು. ಕೆಲವಕ್ಕೆ ಹಲವು ಗಂಟೆ ಬೇಕು. ಪೂರ್ತಿ ಗಟ್ಟಿಯಾಗಲು ಒಂದು ದಿನವೋ ಅದಕ್ಕಿಂತ ಹೆಚ್ಚೋ. ಫೆವಿಕಾಲ್ ನೀರು ಬಿಟ್ಟುಕೊಟ್ಟು ಗಟ್ಟಿಯಾದರೆ ಇದು ಗಾಳಿಯ ತೇವವನ್ನು ಹೀರಿ ಗಟ್ಟಿಯಾಗುತ್ತದೆ. ಬೆಚ್ಚಗೆ ತೇವವಿರುವ ಕರಾವಳಿಯ ಗಾಳಿಯಲ್ಲಿ ಬೇಗ, ಚಳಿಗಾಲದ ಒಣಗಾಳಿಯಲ್ಲಿ ತಡ.

ಆಮೇಲೆ ಆತ ಕೇಳಿದ ಪ್ರಶ್ನೆ ಒಂದೇ. 'ಮುಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಸಾರ್?'

ಅನೇಕ ಕಾರುಗಳಲ್ಲಿ ಚಾಲಕನ ಪಕ್ಕದ ಸೀಟಿನ ಏರ್‌ಬ್ಯಾಗ್ ಡ್ಯಾಶ್‌ಬೋರ್ಡಿನ ಮೇಲ್ಭಾಗದಿಂದ ಸಿಡಿಯುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಉಬ್ಬುವ ಆ ಚೀಲ ಮೊದಲು ಮುಂಗಾಜಿಗೆ ಬಡಿದು, ಅದನ್ನು ಗೋಡೆಯ ಹಾಗೆ ಬೆನ್ನಿಗೆ ಇಟ್ಟುಕೊಂಡು ಪ್ರಯಾಣಿಕರ ಎದೆಯ ಕಡೆಗೆ ತಿರುಗುತ್ತದೆ. ಅಂಟು ಹಸಿಯಾಗಿದ್ದರೆ ಗೋಡೆಯೇ ಹೊರಕ್ಕೆ ಹಾರುತ್ತದೆ, ಚೀಲವೂ ಅದರ ಹಿಂದೆ. ಅಪಘಾತ ಆಗಲೇಬೇಕೆಂದಿಲ್ಲ, ಸಾವಿರಕ್ಕೆ ಒಂದು ಸಲವೂ ಆಗದಿರಬಹುದು. ಆದರೆ ಸುತ್ತು ಸುತ್ತಾಗಿ ಇಳಿಯುವ ಘಾಟಿಯಲ್ಲಿ, ಎದುರಿಗೆ ಗ್ಯಾಸ್ ಟ್ಯಾಂಕರುಗಳು ಏರಿಬರುತ್ತಿರುವಾಗ, ಆ ಸೀಟಿನಲ್ಲಿ ಕೂರುವವಳು ಎದುರಿಗೇ ನಿಂತು ಅಂಟಿನ ಕೊಳವೆಯ ಮೇಲಿನ ಬರಹ ಓದುತ್ತಿದ್ದಳು. ತಂದೆ ಪರ್ಸನ್ನು ಮತ್ತೆ ಜೇಬಿಗಿಟ್ಟರು. ಇಬ್ಬರೂ ಹೋಟೆಲಿನಲ್ಲಿ ಊಟ ಮಾಡಿ, ಆಟೋದಲ್ಲಿ ಮನೆಗೆ ಹೋಗಿ, ಸಂಜೆ ಬಂದು ಗಾಡಿ ಒಯ್ದರು. ಮಂಗಳೂರಿನ ಪ್ರಯಾಣ ಭಾನುವಾರ ಬೆಳಿಗ್ಗೆಗೆ ಹೋಯಿತು. ಹಾಸ್ಟೆಲಿನ ವಾರ್ಡನ್ನಿಗೆ ಅದರಿಂದ ಏನೂ ನಷ್ಟವಾಗಲಿಲ್ಲ.

ಗಿರಾಕಿಯ ಆತುರಕ್ಕೆ ಸೋಲುವ ಮೇಸ್ತ್ರಿಗಳೇ ಹೆಚ್ಚು. ಪಾಪ, ಅವರದೂ ತಪ್ಪೆನ್ನುವಂತಿಲ್ಲ. ಕಾಯಿಸಿದರೆ ಬೈಸಿಕೊಳ್ಳಬೇಕು, ಬಿಟ್ಟರೆ ಹೊಗಳಿಕೆ. ಮನೆಗೇ ಬಂದು ಗಾಜು ಹಾಕುವವರೂ ಈಗ ಇದ್ದಾರೆ. ಧೂಳು, ಮಳೆ ತಾಗದ ಮಾಡಿನ ಕೆಳಗಿನ ಜಾಗ ಇದ್ದರೆ ಅದೂ ಸರಿ, ಕಾಯುವ ಹೊತ್ತು ಮನೆಯಲ್ಲೇ ಕಳೆಯುತ್ತದೆ. ಮರದಡಿ, ರಸ್ತೆಬದಿ ಬೇಡ. ಅಂಟಿಗೆ ಬೇಕಾದುದು ಗಾಳಿಯ ತೇವ, ಅಂಟಿಸುವ ಮೈ ಮಾತ್ರ ಪೂರ್ತಿ ಒಣಗಿರಬೇಕು.

ಪಕ್ಕದ ಕಿಟಕಿ ಒಡೆದಾಗ ಅಂಟಿನ ತಾಪತ್ರಯ ಸಾಮಾನ್ಯವಾಗಿ ಇಲ್ಲ. ಬಾಗಿಲಿನ ಒಳಹಲಗೆ ಬಿಚ್ಚಿ, ಏರಿಳಿಸುವ ಯಂತ್ರಕ್ಕೆ ಹೊಸ ಗಾಜು ಸಿಕ್ಕಿಸಿದರೆ ಮುಗಿಯಿತು. ಅಲ್ಲಿ ಕೇಳಬೇಕಾದದ್ದು ಹರಳುಗಳ ಲೆಕ್ಕ. ಬಾಗಿಲಿನ ಹೊಟ್ಟೆಯೊಳಗೆ, ಸೀಟಿನ ಹಳಿಗಳಲ್ಲಿ, ಮಕ್ಕಳು ಕೂರುವ ಮೆತ್ತೆಯ ಹೊಲಿಗೆಯಲ್ಲಿ ಅವು ಅಡಗಿರುತ್ತವೆ. ವ್ಯಾಕ್ಯೂಮ್ ಯಂತ್ರ ಹಿಡಿಯದ ಅಂಗಡಿಯಾದರೆ ಹೇಳಿ ಹಿಡಿಸಬೇಕು. ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಹಾಗೇ ಬಿಟ್ಟರೆ ಮೊದಲ ಮಳೆಗೆ ಕಾಲಿನಡಿ ನೀರು.

ಹೊಸ ಮುಂಗಾಜಿನ ಗಾಡಿಯನ್ನು ಮನೆಗೆ ತಂದ ಮೇಲೆ ಒಂದೆರಡು ದಿನ ಬಾಗಿಲುಗಳನ್ನು ಧಡಾರನೆ ಹಾಕಬಾರದು. ಎಲ್ಲ ಕಿಟಕಿ ಮುಚ್ಚಿದ ಕಾರಿನಲ್ಲಿ ಬಾಗಿಲು ಬಡಿದರೆ ಒಳಗಾಳಿಯ ಒತ್ತಡ ಗಾಜನ್ನು ಹೊರಕ್ಕೆ ನೂಕುತ್ತದೆ. ಒಂದು ಕಿಟಕಿಯನ್ನು ಬೆರಳಗಲ ಇಳಿಸಿಟ್ಟರೆ ಸಾಕು. ಪಂಪಿನ ನೀರಿನಲ್ಲಿ ತೊಳೆಸುವುದೂ ಆಮೇಲೆ. ಟೇಪನ್ನು ಹೇಳಿದ ದಿನಕ್ಕೆ ತೆಗೆಯಬೇಕು. ಫಾಸ್ಟ್ಯಾಗ್ ಹಳೆಯ ಗಾಜಿನ ಜೊತೆಗೇ ಹೋಗುತ್ತದೆ. ಕಿತ್ತು ಅಂಟಿಸಲು ಹೋದರೆ ಹರಿದು ಕೆಲಸಕ್ಕೆ ಬಾರದಂತಾಗುತ್ತದೆ. ಟೋಲ್ ಗೇಟಿನಲ್ಲಿ ಹೆಚ್ಚಿನ ಶುಲ್ಕ ತೆರುವ ಬದಲು, ಕೊಟ್ಟ ಬ್ಯಾಂಕಿಗೆ ತಿಳಿಸಿ ಹೊಸದನ್ನು ಮೊದಲೇ ತರಿಸಿಟ್ಟುಕೊಳ್ಳುವುದು ಲೇಸು. ಅರವತ್ತು ಕಿಲೋಮೀಟರ್ ವೇಗದಲ್ಲಿ ಅಂಚಿನಿಂದ ಸಿಳ್ಳೆಯಂಥ ಸದ್ದು ಬಂದರೆ, ಮ್ಯಾಟಿನ ಕೆಳಗೆ ತೇವ ಕಂಡರೆ, ಅಂಟಿನ ಎಳೆ ಎಲ್ಲೋ ತುಂಡಾಗಿದೆ ಎಂದರ್ಥ. ಅಂಗಡಿಯಿಂದ ರಸೀತಿ ಪಡೆಯುವಾಗಲೇ ಎಷ್ಟು ತಿಂಗಳ ಜವಾಬ್ದಾರಿ ಎಂಬುದನ್ನು ಅದರಲ್ಲಿ ಬರೆಸಿ, ಅಂಟಿನ ಹೆಸರು, ಅದರ ಅವಧಿ ಮುಗಿಯುವ ತಾರೀಕನ್ನೂ ಸೇರಿಸಿಕೊಳ್ಳಬೇಕು. ಹಾಸನದ ಹುಡುಗಿ ಕೊಳವೆಯ ಫೋಟೋವನ್ನೇ ತೆಗೆದುಕೊಂಡು ಹೋದಳು.